ದಾಳಿಂಬೆ ಕೆಂಪು ಮತ್ತು ಬಿಸ್ಕತ್ತಿನ ಪೊಟ್ಟಣ: ಅಪ್ಪನ ಇಳಕಲ್ ಸೀರೆಗಳನ್ನು ಫೋನಿಗೆ ತಂದ ಕೆಲಸದ ದಿನಚರಿ

ಏಪ್ರಿಲ್ 14, 2024

ಸೀರೆಯೊಂದು ವಾಪಸ್ ಬಂದಿದೆ. ಬೆಂಗಳೂರಿನ ಒಬ್ಬ ಅಕ್ಕ ಫೋಟೋ ನೋಡಿ ತರಿಸಿಕೊಂಡಿದ್ದರು. ಜಗಳ ಮಾಡಲಿಲ್ಲ, ಬೇಜಾರಿನಿಂದಲೇ ಬರೆದಿದ್ದಾರೆ. "ಫೋಟೋದಲ್ಲಿ ಕುಂಕುಮದ ಬಣ್ಣ ಇತ್ತು. ಕೈಗೆ ಬಂದದ್ದು ಬೇರೆ." ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು ಫೋನಿನ ಪಕ್ಕ ಇಟ್ಟು ನೋಡಿದೆ. ಅವರು ಹೇಳಿದ್ದು ನಿಜ. ಅಪ್ಪ ಒಂದೇ ಸಲ ನೋಡಿ ಹೇಳಿದರು: "ನೂಲು ಆರಿಸಿದಾಂವ ನಾನು. ಇದು ದಾಳಿಂಬರ. ಫೋನಿನ್ಯಾಗ ಕುಂಕುಮ ಆಗೇತಿ. ಅವರದೇನು ತಪ್ಪೈತಿ?"

ನಾನು ಹುಬ್ಬಳ್ಳಿಯಲ್ಲಿ ಶಾಲೆ ಟೀಚರ್. ಬೇಸಿಗೆ ರಜೆಗೆ ಇಳಕಲ್‌ಗೆ ಬಂದಿದ್ದೇನೆ. ಮನೆಯಲ್ಲಿ ಎರಡು ಕುಣಿ ಮಗ್ಗ ಇವೆ, ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವಂಥವು. ಅಪ್ಪ ನೇಯುತ್ತಾರೆ, ಅವ್ವ ಕೊಂಡಿ ಹಾಕುತ್ತಾಳೆ, ಅಂದರೆ ಒಡಲಿನ ಎಳೆಗೆ ಸೆರಗಿನ ಎಳೆ ಜೋಡಿಸುತ್ತಾಳೆ. ಕಾಕಾನ ಮಗ, ನನಗೆ ತಮ್ಮ, ಮೂರು ವರ್ಷದಿಂದ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು ಅಂತ ಓಡಾಡಿದ್ದಾನೆ. ನೂಲು ಬಿಡಿಸುವುದರಿಂದ ಹಿಡಿದು ಮಡಿಕೆ ಹಾಕುವವರೆಗೆ ಒಂದು ಸೀರೆಗೆ ಸುಮಾರು ಒಂದು ವಾರ ಹೋಗುತ್ತದೆ. ಆ ವಾರದ ದುಡಿಮೆ ಒಂದು ಫೋಟೋದ ಬಣ್ಣದಿಂದ ವಾಪಸ್ ಬಂತಲ್ಲ, ಅದು ನನ್ನನ್ನು ರಾತ್ರಿ ಮಲಗಲು ಬಿಡಲಿಲ್ಲ. ಈ ರಜೆಯಲ್ಲಿ ಇದನ್ನು ಸರಿ ಮಾಡಿಯೇ ಹೋಗುವುದು ಅಂತ ಮಾಡಿದ್ದೇನೆ. ಏನೇನು ಮಾಡಿದೆ ಅಂತ ಬರೆದಿಡುತ್ತೇನೆ, ನಮ್ಮ ಓಣಿಯ ಬೇರೆ ನೇಕಾರರ ಮಕ್ಕಳಿಗೂ ಉಪಯೋಗ ಆಗಬಹುದು.

ಏಪ್ರಿಲ್ 16

ಮೊದಲು ಏನಿದೆ, ಏನಿಲ್ಲ ಅಂತ ನೋಡಿದೆ. ಫೇಸ್‌ಬುಕ್ ಪೇಜ್ ನಮ್ಮ ಕೈಯಲ್ಲಿ ಇಲ್ಲ. ಕಳೆದ ದಸರಾ ಹೊತ್ತಿಗೆ ತಮ್ಮನಿಗೆ ಒಂದು ಮೆಸೇಜ್ ಬಂದಿತ್ತು. ನಿಮ್ಮ ಪೇಜ್ ಹಕ್ಕುಸ್ವಾಮ್ಯ ಮುರಿದಿದೆ, 24 ಗಂಟೆಯಲ್ಲಿ ತೆಗೆದುಹಾಕುತ್ತೇವೆ, ಇಲ್ಲಿ ಒತ್ತಿ ಅಂತ. ಗಾಬರಿಯಾಗಿ ಒತ್ತಿದ, ಪಾಸ್‌ವರ್ಡ್ ಹಾಕಿದ. ಮರುದಿನ ಪೇಜಿನಲ್ಲಿ ಯಾರದೋ ಶೂ ಜಾಹೀರಾತು. ಪೇಜಿಗೆ ಇದ್ದ ಅಡ್ಮಿನ್ ಅವನೊಬ್ಬನೇ. ಎರಡು ವಾರ ಪ್ರಯತ್ನ ಪಟ್ಟು ಬಿಟ್ಟಿದ್ದಾನೆ.

ಇನ್‌ಸ್ಟಾಗ್ರಾಮ್ ಖಾತೆ ಇದೆ, ಆದರೆ ಅದು ಅವನ ಹಳೆಯ ಸಿಮ್ಮಿನ ನಂಬರಿಗೆ ಕಟ್ಟಿದೆ. ಆ ಸಿಮ್ಮಿಗೆ ರೀಚಾರ್ಜ್ ಇಲ್ಲ. ಹೀಗೇ ಬಿಟ್ಟರೆ ಆ ನಂಬರ್ ನಿಂತುಹೋಗಿ, ಮುಂದೆ ಬೇರೆ ಯಾರಿಗೋ ಹೋಗುತ್ತದೆ. ಆಮೇಲೆ ಪಾಸ್‌ವರ್ಡ್ ಮರೆತರೆ ಓಟಿಪಿ ಆ ಹೊಸಬರಿಗೆ ಹೋಗುತ್ತದೆ! ಇವತ್ತೇ ರೀಚಾರ್ಜ್ ಮಾಡಿ, ಒಳಗೆ ಹೋಗಿ ನಂಬರ್ ಬದಲಿಸಿದೆ.

ವಾಟ್ಸಾಪ್ ಅಂದರೆ ಅಪ್ಪನ ಸ್ವಂತ ನಂಬರ್. ಗಿರಾಕಿಯ ವಿಳಾಸ, ಸೊಸೈಟಿಯ ಮೀಟಿಂಗು, ಬೀಗರ ಮನೆಯ ಲಗ್ನಪತ್ರ ಎಲ್ಲ ಒಂದೇ ಕಡೆ. ಹಿಂದಿನ ತಿಂಗಳು ಇಬ್ಬರು ದುಡ್ಡು ಕೊಡಲು ತಯಾರಿದ್ದವರ ಮೆಸೇಜು ಶುಭೋದಯದ ಹೂವುಗಳ ಕೆಳಗೆ ಮುಚ್ಚಿಹೋಗಿತ್ತು.

ಇವತ್ತಿನ ಕೆಲಸ ಇಷ್ಟು. ವ್ಯಾಪಾರಕ್ಕೆ ಅಂತಲೇ ಬೇರೆ ಸಿಮ್ ತಂದೆವು, ಅದು ಅವ್ವನ ಹೆಸರಿನಲ್ಲಿ. ಹೊಸ ಫೇಸ್‌ಬುಕ್ ಪೇಜಿಗೆ ಇಬ್ಬರು ಅಡ್ಮಿನ್, ತಮ್ಮ ಮತ್ತು ನಾನು. ಎಲ್ಲ ಕಡೆ ಎರಡು ಹಂತದ ಪರಿಶೀಲನೆ ಹಾಕಿದೆ. ವಾಟ್ಸಾಪ್‌ನ 6 ಅಂಕಿಯ ಪಿನ್ ಅನ್ನು ಅಪ್ಪನ ಲೆಕ್ಕದ ಪುಸ್ತಕದ ಒಳರಟ್ಟಿನ ಮೇಲೆ ಬರೆದಿಟ್ಟೆ. ಆ ಪುಸ್ತಕ ಮನೆಯಲ್ಲಿ ಎಂದೂ ಕಳೆದಿಲ್ಲ.

ಏಪ್ರಿಲ್ 20

ಈಗ ನಿಜವಾದ ರಿಪೇರಿ, ಕೆಂಪು ಬಣ್ಣ.

ಒಂದೇ ಸೀರೆಯನ್ನು ಐದು ಹೊತ್ತಿನಲ್ಲಿ ಫೋಟೋ ತೆಗೆದೆ. ಬೆಳಗ್ಗೆ 7ಕ್ಕೆ ಅಂಗಳದಲ್ಲಿ, 11ಕ್ಕೆ ಕಿಟಕಿಯ ಬಳಿ, ಮಧ್ಯಾಹ್ನ 1ಕ್ಕೆ ಬಿಸಿಲಿನಲ್ಲಿ, 4ಕ್ಕೆ ಪಡಸಾಲೆಯಲ್ಲಿ, ರಾತ್ರಿ ಟ್ಯೂಬ್‌ಲೈಟಿನಲ್ಲಿ. ಐದೂ ಬೇರೆ ಬೇರೆ ಸೀರೆ ಅನ್ನಬೇಕು, ಹಾಗಿವೆ. ಬಿಸಿಲಿನ ಫೋಟೋದಲ್ಲಿ ಸೆರಗು ಬಣ್ಣ ಬಳಿದ ಕಾಗದದಂತೆ ಚಪ್ಪಟೆ, ಒಂದು ಎಳೆಯೂ ಕಾಣುವುದಿಲ್ಲ.

ಯಾಕೆ ಹೀಗೆ ಅಂತ ಕೂತು ಓದಿದೆ. ಫೋನು ಫೋಟೋದ ಪ್ರತಿ ಚುಕ್ಕಿಗೂ ಕೆಂಪು, ಹಸಿರು, ನೀಲಿ ಅಂತ ಮೂರು ಲೆಕ್ಕ ಬರೆದಿಡುತ್ತದೆ. ಒಂದೊಂದೂ 0ಯಿಂದ 255ರ ವರೆಗೆ. ಬೆಳಕು ಜಾಸ್ತಿ ಇದ್ದು ಬಟ್ಟೆಯೂ ಕೆಂಪೇ ಆದರೆ ಕೆಂಪಿನ ಲೆಕ್ಕ 255ಕ್ಕೆ ಮುಟ್ಟಿ ನಿಂತುಬಿಡುತ್ತದೆ. ತಿಳಿ ಎಳೆಗೂ 255, ಗಾಢ ಎಳೆಗೂ 255. ಹಾಗಾಗಿ ನೇಯ್ಗೆ ಮಾಯ. ಇನ್ನೊಂದು ತೊಂದರೆ, ಚೌಕಟ್ಟಿನ ತುಂಬ ಕೆಂಪೇ ಇದ್ದರೆ ಬಟ್ಟೆ ಕೆಂಪೋ ಬೆಳಕೇ ಕೆಂಪೋ ಅಂತ ಫೋನಿಗೆ ಗೊತ್ತಾಗುವುದಿಲ್ಲ. ತನ್ನ ಅಂದಾಜಿನಲ್ಲಿ ಏನೋ ತಿದ್ದುತ್ತದೆ. ಅದರ ಮೇಲೆ ತಮ್ಮನ ಫೋನಿನಲ್ಲಿ ದೃಶ್ಯ ಗುರುತಿಸಿ ಬಣ್ಣ ಏರಿಸುವ ಮೋಡು ಬೇರೆ ಆನ್ ಇತ್ತು. ಮದುವೆಯ ಊಟದ ಫೋಟೋಗೆ ಅದು ಚಂದ, ಸೀರೆ ಮಾರುವವರಿಗೆ ಅದೇ ಶತ್ರು. ಮೊದಲು ಅದನ್ನು ಆಫ್ ಮಾಡಿದೆ.

ಏಪ್ರಿಲ್ 21

ಫೋಟೋ ಮೂಲೆ ಕಟ್ಟಿದೆವು. ನಡುಮನೆಯಲ್ಲಿ ಉತ್ತರಕ್ಕೆ ಒಂದು ಕಿಟಕಿ ಇದೆ. ಆ ಕಡೆಯಿಂದ ಈಗ ನೇರ ಬಿಸಿಲು ಒಳಗೆ ಬೀಳುವುದಿಲ್ಲ, ಬೆಳಕು ಮಾತ್ರ ಬರುತ್ತದೆ. ಅದಕ್ಕೆ ಅಪ್ಪನ ಹಳೆಯ ಬಿಳಿ ಪಂಚೆಯನ್ನು ಒಂಟಿ ಪದರ ಕಟ್ಟಿದೆ, ಬೆಳಕು ಇನ್ನೂ ಮೆತ್ತಗಾಯಿತು. ಕಿಟಕಿಯ ಎದುರುಬದಿಗೆ ಒಂದು ಥರ್ಮಾಕೋಲ್ ಶೀಟು ನಿಲ್ಲಿಸಿದೆ, ನೆರಳಿನ ಕಡೆಗೆ ಬೆಳಕು ತಿರುಗಿಸಲು. ಮೇಲೆ ಎರಡು ಮೊಳೆ, ಅದರ ಮೇಲೆ ಒಂದು ಬಿದಿರು ಗಳ, ಸೀರೆ ಇಳಿಬಿಡಲು. ಫೋನಿಗೆ ಸ್ಟ್ಯಾಂಡ್ ಕೊಳ್ಳಲಿಲ್ಲ. ಹಳೆಯ ಸ್ಟೂಲಿನ ಮೇಲೆ ಇಟ್ಟಿಗೆ ಇಟ್ಟು, ಫೋನನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದೆವು.

ಇಷ್ಟೆಲ್ಲ ಮಾಡಿ ತೆಗೆದರೆ ಸೆರಗಿನ ಬಿಳಿ ಎಳೆಗಳು ಹಸಿರು ಹಸಿರು! ಅರ್ಧ ಗಂಟೆ ತಲೆ ಕೆಡಿಸಿಕೊಂಡೆ. ಕೊನೆಗೆ ಅವ್ವ ಗೋಡೆ ತೋರಿಸಿದಳು. ನಡುಮನೆಗೆ ಗಿಳಿ ಹಸಿರು ಡಿಸ್ಟೆಂಪರ್. ಕಿಟಕಿಯ ಬೆಳಕು ಗೋಡೆಗೆ ಬಡಿದು, ಹಸಿರಾಗಿ, ಸೀರೆಯ ಮೇಲೆ ಬೀಳುತ್ತಿತ್ತು. ಹಿಂದೆಯೂ ಪಕ್ಕದಲ್ಲೂ ಬಿಳಿ ಚಾದರ ಕಟ್ಟಿದ ಮೇಲೆ ಬಿಳಿ ಬಿಳಿಯಾಯಿತು. ಟ್ಯೂಬ್‌ಲೈಟ್ ಆರಿಸುವುದು ಕಡ್ಡಾಯ. ಕಿಟಕಿಯ ಬೆಳಕು ಒಂದು ಬಣ್ಣ, ಟ್ಯೂಬಿನದು ಇನ್ನೊಂದು. ಎರಡೂ ಕೂಡಿದರೆ ಯಾವ ಫೋನೂ ಸರಿ ಮಾಡಲಾರದು.

ತೆಗೆಯುವ ಕ್ರಮ ಹೀಗೆ. ಸೀರೆಯ ಪಕ್ಕ ಬಣ್ಣ ಹಾಕದ ಬಿಳಿ ನೂಲಿನ ಲಡಿ ಇಡುವುದು. ಪರದೆಯ ಮೇಲೆ ಆ ಲಡಿ ಇರುವ ಜಾಗ ಒತ್ತಿ ಹಿಡಿದರೆ ಬೆಳಕು ಮತ್ತು ಫೋಕಸ್ ಅಲ್ಲೇ ಲಾಕ್ ಆಗುತ್ತವೆ. ಆಮೇಲೆ ಬೆರಳಿನಿಂದ ಹೊಳಪನ್ನು ಸ್ವಲ್ಪ ಕೆಳಗೆ ಎಳೆಯುವುದು, ಕೆಂಪಿನೊಳಗೆ ಎಳೆ ಎದ್ದು ಕಾಣುವವರೆಗೆ. ಫೋಟೋ ಕೊಂಚ ಮಬ್ಬು ಅನಿಸುತ್ತದೆ. ಇರಲಿ, ಮಬ್ಬಾದದ್ದನ್ನು ಆಮೇಲೆ ಎತ್ತಬಹುದು, 255ಕ್ಕೆ ಬಡಿದದ್ದು ಮತ್ತೆ ಬರುವುದಿಲ್ಲ.

ಅಪ್ಪ ಹೊಸ ಫೋಟೋ ನೋಡಿ ಸುಮ್ಮನೆ ತಲೆ ಆಡಿಸಿದರು. ಮಗ್ಗಕ್ಕೆ ಹೋಗಿ ಕೂತ ಮೇಲೆ ಅಲ್ಲಿಂದಲೇ ಕೂಗಿದರು: "ಈಗ ದಾಳಿಂಬರ ಆತು."

ಏಪ್ರಿಲ್ 24

ಸಂತೋಷ ಮೂರೇ ದಿನ. ಅದೇ ಫೋಟೋವನ್ನು ಅಪ್ಪನ ಫೋನಿನಲ್ಲಿ, ನನ್ನದರಲ್ಲಿ, ಪಕ್ಕದ ಮನೆಯ ಕಾಕೂನದರಲ್ಲಿ ತೆರೆದು ಸಾಲಾಗಿ ಇಟ್ಟೆ. ಮೂರು ಕೆಂಪು! ಕೆಲವು ಫೋನಿನ ಪರದೆ ಬಣ್ಣವನ್ನು ಏರಿಸಿಯೇ ತೋರಿಸುತ್ತದೆ, ಕೆಲವು ರಾತ್ರಿ ಕಣ್ಣಿಗೆ ಹಿತವಾಗಲಿ ಅಂತ ಹಳದಿಗೆ ಎಳೆಯುತ್ತದೆ. ನನ್ನ ಫೋಟೋ ಎಷ್ಟೇ ಸರಿ ಇದ್ದರೂ ಪುಣೆಯಲ್ಲಿ ಕೂತವರ ಪರದೆಯನ್ನು ನಾನು ಹೇಗೆ ತಿದ್ದಲಿ?

ಚಹಾ ಕುಡಿಯುವಾಗ ಹೊಳೆಯಿತು. ಎದುರಿಗೆ ಪಾರ್ಲೆ-ಜಿ ಪೊಟ್ಟಣ ಇತ್ತು. ಹಳದಿ ಕಾಗದ, ಕೆಂಪು ಅಕ್ಷರ. ಇಳಕಲ್‌ನಲ್ಲಿ ಸಿಗುವುದೂ ಅದೇ, ಮುಂಬೈಯಲ್ಲಿ ಸಿಗುವುದೂ ಅದೇ. ಸೀರೆಯ ಮಡಿಕೆಯ ಪಕ್ಕ ಅದನ್ನು ಇಟ್ಟು ಫೋಟೋ ತೆಗೆದೆ. ಕೆಳಗೆ ಬರೆದೆ: "ನಿಮ್ಮ ಮನೆಯ ಪೊಟ್ಟಣವನ್ನು ಫೋನಿನ ಪಕ್ಕ ಹಿಡಿದು ನೋಡಿ. ನಿಮ್ಮ ಫೋನು ಪೊಟ್ಟಣದ ಕೆಂಪನ್ನು ಎಷ್ಟು ಏರಿಸಿ ತೋರಿಸುತ್ತದೋ ಸೀರೆಯ ಕೆಂಪನ್ನೂ ಸುಮಾರು ಅಷ್ಟೇ ಏರಿಸಿ ತೋರಿಸುತ್ತಿರುತ್ತದೆ."

ಮೂರೂ ಫೋನಿನಲ್ಲಿ ಪರೀಕ್ಷೆ ಮಾಡಿದೆವು. ಕಾಕೂ ಪೊಟ್ಟಣ ಹಿಡಿದು ನೋಡಿ, "ನನ್ನ ಫೋನು ಎಲ್ಲಾದಕ್ಕೂ ಬಣ್ಣ ಜಾಸ್ತಿ ಹಚ್ಚತೈತಿ" ಅಂದರು. ಬೇಕಾಗಿದ್ದದ್ದು ಅಷ್ಟೇ! ಪ್ರತಿ ಸೀರೆಗೆ ಈಗ ಒಂದು ಪೊಟ್ಟಣದ ಫೋಟೋ ಕಡ್ಡಾಯ. ವಾಪಸ್ ಬಂದ ಆ ಸೀರೆಯ ಹೊಸ ಫೋಟೋವನ್ನು ಬೆಂಗಳೂರಿನ ಅಕ್ಕನಿಗೂ ಕಳಿಸಿದೆ, ಕ್ಷಮೆ ಕೇಳಿ. ಅವರು ಕುಂಕುಮ ಕೆಂಪಿನದೇ ಇನ್ನೊಂದು ಕೇಳಿದ್ದಾರೆ.

ಏಪ್ರಿಲ್ 27

ಹಳೆಯ ಇನ್‌ಸ್ಟಾಗ್ರಾಮ್ ಖಾತೆಯಲ್ಲಿ ನೂರಕ್ಕೂ ಹೆಚ್ಚು ಪೋಸ್ಟ್ ಇವೆ. ಎಲ್ಲವೂ ಮಡಿಚಿಟ್ಟ ಸೀರೆ, ಮೇಲೆ ಬೆಲೆ. ಬಜಾರಿನಲ್ಲಿ ಇಳಕಲ್ ಅಂತ ಹೆಸರಿಟ್ಟು ಪಾವರ್‌ಲೂಮಿನ ಸೀರೆ ಕಡಿಮೆ ಬೆಲೆಗೆ ಸಿಗುತ್ತದೆ. ಮಡಿಚಿಟ್ಟ ಫೋಟೋದಲ್ಲಿ ಎರಡೂ ಒಂದೇ. ಹಾಗಿರುವಾಗ ನಮ್ಮ ಸೀರೆಗೆ ಯಾರಾದರೂ 3,400 ಯಾಕೆ ಕೊಡಬೇಕು?

ಅವ್ವ ಕೊಂಡಿ ಹಾಕುತ್ತ ಕೂತಿದ್ದಳು. ನಾನು ಸೆರಗಿನ ವಿಡಿಯೋ ಮಾಡುವುದನ್ನು ನೋಡಿ ನೋಡಿ ಕೊನೆಗೆ ಹೇಳಿದಳು: "ಬರೇ ಸೆರಗ ಎಷ್ಟಂತ ತೋರಸ್ತಿ? ಕೊಂಡಿ ತೋರಸ ನೋಡವ್ವಾ."

ಮೂವತ್ತು ವರ್ಷ ಈ ಮನೆಯಲ್ಲಿ ಬೆಳೆದವಳು ನಾನು, ನನಗೆ ಹೊಳೆದಿರಲಿಲ್ಲ. ಇಳಕಲ್ ಸೀರೆಯ ವಿಶೇಷವೇ ಅದು. ಒಡಲಿನ ಹಾಸು, ಅಂದರೆ ಉದ್ದಕ್ಕೆ ಹಾಯುವ ಎಳೆ, ಬೇರೆ, ಸೆರಗಿನ ಹಾಸು ಬೇರೆ. ನಮ್ಮಲ್ಲಿ ಒಡಲಿಗೆ ಹತ್ತಿ, ಸೆರಗಿಗೆ ಕೆಂಪು ರೇಷ್ಮೆ. ಒಡಲಿನ ಎಳೆಯ ತುದಿಯನ್ನು ಕುಣಿಕೆ ಮಾಡಿ ಸೆರಗಿನ ಎಳೆಯ ಕುಣಿಕೆಯೊಳಗೆ ಸಿಕ್ಕಿಸಬೇಕು. ಎಳೆ ಎಳೆಗೂ ಹಾಗೆ, ಸೀರೆಯ ಪೂರ್ತಿ ಅಗಲಕ್ಕೆ. ಒಂದೊಂದು ಸೀರೆಗೂ ಹೊಸದಾಗಿ. ಇದೇ ಕೊಂಡಿ. ಅದಾದ ಮೇಲೆ ಬಿಳಿ ಎಳೆಯಲ್ಲಿ ತೋಪು ತೆನಿ ಸೆರಗು ಏಳುತ್ತದೆ, ಬಾಚಣಿಕೆಯ ಹಲ್ಲಿನಂಥ ಹಣಿಗಿ, ಜೋಳದ ತೆನೆಯಂಥ ಮೊನೆ.

ಅವ್ವನ ಕೈಗೆ ಒಂದು ಅಡಿ ದೂರದಲ್ಲಿ ಫೋನು ಇಟ್ಟೆ. ಅವಳ ಬಲಗೈ ಹೆಬ್ಬೆರಳಿನ ಉಗುರು ಒಂದು ಕಡೆ ಸವೆದಿದೆ, ಎಳೆ ಅಲ್ಲೇ ಜಾರುತ್ತದೆ. ಎರಡು ಬೆರಳಿನಲ್ಲಿ ಕೆಂಪು ಎಳೆ ಹಿಡಿಯುತ್ತಾಳೆ, ಮಡಿಚುತ್ತಾಳೆ, ಹತ್ತಿ ಎಳೆಯ ಕುಣಿಕೆಯೊಳಗೆ ತೂರಿಸುತ್ತಾಳೆ, ಚಿಟಿಕೆಯಷ್ಟು ಎಳೆಯುತ್ತಾಳೆ. ಮುಂದಿನ ಎಳೆ. ಕಣ್ಣು ನೋಡುವ ಮೊದಲೇ ಬೆರಳಿಗೆ ಗೊತ್ತಿರುತ್ತದೆ. 40 ಸೆಕೆಂಡಿನಲ್ಲಿ ಜೋಡಿಸಿದ ಎಳೆಗಳು ಒಂದು ಬೆರಳಿನ ಅಗಲವೂ ಆಗಲಿಲ್ಲ. ಅದೇ ವಿಡಿಯೋ, ಅಷ್ಟು ಭಾಗಕ್ಕೆ ಒಂದು ಕತ್ತರಿಯೂ ಇಲ್ಲದೆ. ಕೊನೆಯ 5 ಸೆಕೆಂಡು ಮುಗಿದ ಸೀರೆಯ ಕೂಡುಗೆರೆ, ಬೆಳಕಿಗೆ ಹಿಡಿದು.

ಹಾಡು ಹಾಕೋಣ ಅಂತ ತಮ್ಮ ಹುಡುಕಿದ. ವ್ಯಾಪಾರದ ಖಾತೆಗೆ ಸಿನಿಮಾ ಹಾಡುಗಳು ಬಹುತೇಕ ಸಿಗುವುದಿಲ್ಲ, ಹಕ್ಕಿನ ಕಾರಣಕ್ಕೆ. ಒಳ್ಳೆಯದೇ ಆಯಿತು. ಪಕ್ಕದ ಮಗ್ಗದಲ್ಲಿ ಅಪ್ಪನ ಲಾಳಿಯ ಸದ್ದು ತಾನಾಗಿ ದಾಖಲಾಗಿತ್ತು, ಅದನ್ನೇ ಬಿಟ್ಟೆವು. ಕೆಳಗೆ ಎರಡೇ ಸಾಲು: ಇದು ಕೊಂಡಿ, ಇದನ್ನು ಹಾಕುತ್ತಿರುವುದು ನನ್ನ ಅವ್ವ.

ಏಪ್ರಿಲ್ 30

ಆ ವಿಡಿಯೋ ನಮ್ಮ ಹಳೆಯ ಪೋಸ್ಟುಗಳೆಲ್ಲ ಸೇರಿದರೂ ನೋಡದಷ್ಟು ಜನ ನೋಡಿದ್ದಾರೆ. ನನಗೆ ಅದಕ್ಕಿಂತ ದೊಡ್ಡದು ಕೆಳಗೆ ಬಂದ ಪ್ರಶ್ನೆಗಳು. ಮೊದಲು ಬರೀ "ಬೆಲೆ?" ಅಂತ ಕೇಳುತ್ತಿದ್ದರು. ಈಗ "ನಮ್ಮ ಅಜ್ಜಿಯ ಸೀರೆಯಲ್ಲೂ ಈ ಗೆರೆ ಇದೆ", "ಒಂದು ಸೀರೆಗೆ ಕೊಂಡಿ ಹಾಕಲು ಎಷ್ಟು ಹೊತ್ತು?" ಅನ್ನುತ್ತಾರೆ. ಅವ್ವನಿಗೆ ಒಂದೊಂದೇ ಓದಿ ಹೇಳಿದೆ. ಎರಡು ಸಲ ಓದಿಸಿಕೊಂಡಳು.

ಮೇ 2

ಪುಣೆಯ ಒಬ್ಬರು ಬರೆದಿದ್ದಾರೆ, "ಇದು ಇರಕಲ್ ಅಲ್ವಾ? ನಿಮ್ಮನ್ನು ಹುಡುಕುವುದು ಕಷ್ಟ ಆಯಿತು." ಮರಾಠಿಯಲ್ಲಿ ನಮ್ಮ ಸೀರೆಗೆ ಇರಕಲ್ ಅಂತಲೇ ಹೆಸರು. ಸೊಲ್ಲಾಪುರ, ಕೊಲ್ಹಾಪುರ, ಪುಣೆ ಕಡೆ ತಲೆಮಾರುಗಳಿಂದ ಉಡುತ್ತಾರೆ. ನಾವು ಎಲ್ಲ ಕಡೆ ಇಳಕಲ್ ಅಂತ ಮಾತ್ರ ಬರೆದಿದ್ದೆವು. ಅವರು ಇರಕಲ್ ಅಂತ ಹುಡುಕಿದರೆ ನಾವು ಸಿಗುವುದಾದರೂ ಹೇಗೆ?

ಇವತ್ತೇ ಖಾತೆಯ ಹೆಸರಿನ ಜಾಗದಲ್ಲಿ, ಪರಿಚಯದಲ್ಲಿ, ಪ್ರತಿ ವಿಡಿಯೋದ ಕೆಳಗೆ ಎರಡೂ ಹೆಸರು ಸೇರಿಸಿದೆ, ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ. ಐದು ಪೈಸೆ ಖರ್ಚಿಲ್ಲದ ಕೆಲಸ ಇದು. ಗಿರಾಕಿ ತನ್ನ ಮನೆಯಲ್ಲಿ ಸೀರೆಗೆ ಏನಂತ ಕರೆಯುತ್ತಾರೋ ಆ ಹೆಸರು ನಮಗೆ ಗೊತ್ತಿರಬೇಕು.

ಮೇ 6

ವಾಟ್ಸಾಪ್ ಬಿಸಿನೆಸ್ ಹಾಕಿದೆ, ಹೊಸ ನಂಬರಿಗೆ. ಇದು ಉಚಿತ, ಬೇರೆಯೇ ಆ್ಯಪ್. ಒಂದೇ ಫೋನಿನಲ್ಲಿ ಅಪ್ಪನ ಮಾಮೂಲಿ ವಾಟ್ಸಾಪ್ ಒಂದು ನಂಬರಿಗೆ, ಇದು ಇನ್ನೊಂದು ನಂಬರಿಗೆ, ಎರಡೂ ನಡೆಯುತ್ತವೆ. ಕ್ಯಾಟಲಾಗಿನಲ್ಲಿ ಒಂದು ಸೀರೆಗೆ 10 ಫೋಟೋವರೆಗೆ ಹಾಕಬಹುದು. ನಾವು ನಾಲ್ಕು ಹಾಕುತ್ತೇವೆ: ಪೂರ್ತಿ ಸೀರೆ, ಸೆರಗು, ಕೊಂಡಿಯ ಗೆರೆ ಹತ್ತಿರದಿಂದ, ಪೊಟ್ಟಣದ ಜೊತೆ. ಬೆಲೆ ಬರೆದೇ ಹಾಕುವುದು. "ಬೆಲೆಗೆ ಮೆಸೇಜ್ ಮಾಡಿ" ಅಂತ ಬರೆಯುವುದು ನನಗೆ ಮೊದಲಿನಿಂದಲೂ ಸರಿ ಬರುವುದಿಲ್ಲ. ಕೇಳಲು ಸಂಕೋಚ ಪಡುವವರು ಸುಮ್ನೆ ಹೋಗಿಬಿಡುತ್ತಾರೆ.

ಗಿರಾಕಿಗೆ ನೇರವಾಗಿ ಫೋಟೋ ಕಳಿಸುವಾಗ ಹೆಚ್‌ಡಿ ಗುಂಡಿ ಒತ್ತಬೇಕು. ಇಲ್ಲದಿದ್ದರೆ ವಾಟ್ಸಾಪ್ ಫೋಟೋವನ್ನು ಕುಗ್ಗಿಸುತ್ತದೆ, ಕೊಂಡಿಯ ಎಳೆ ಕಲಸಿಹೋಗುತ್ತದೆ. ತೀರ ಹತ್ತಿರದ ಫೋಟೋಗಳನ್ನು ಡಾಕ್ಯುಮೆಂಟ್ ಆಗಿ ಕಳಿಸುತ್ತೇವೆ, ಆಗ ತೆಗೆದದ್ದು ತೆಗೆದ ಹಾಗೇ ಹೋಗುತ್ತದೆ.

ಸಿದ್ಧ ಉತ್ತರಗಳನ್ನು ಅಪ್ಪನ ಮಾತಿನಲ್ಲೇ ಬರೆದಿಟ್ಟೆ. ಒಂದು ಓರೆಗೆರೆ ಒತ್ತಿ "ಒಗೆ" ಅಂತ ಬರೆದರೆ ಒಗೆಯುವ ಕ್ರಮ ಪೂರ್ತಿ ಬರುತ್ತದೆ: ಮೊದಲ ಸಲ ತಣ್ಣೀರಿನಲ್ಲಿ ಬೇರೆಯಾಗಿ ಅದ್ದಿ, ನೆರಳಿನಲ್ಲಿ ಒಣಗಿಸಿ, ಕೆಂಪು ಸೆರಗನ್ನು ನೆನೆಹಾಕಿ ಬಿಡಬೇಡಿ. ಅಪ್ಪ ಟೈಪ್ ಮಾಡುವುದಿಲ್ಲ, ಧ್ವನಿ ಸಂದೇಶ ಕಳಿಸುತ್ತಾರೆ. ಅದು ಸಿದ್ಧ ಉತ್ತರಕ್ಕಿಂತ ಚೆನ್ನಾಗಿ ನಡೆಯುತ್ತಿದೆ. "ನಮಸ್ಕಾರ್ರೀ, ನಾನು ನೇಕಾರ ಮಾತಾಡೋದು" ಅಂತ ಶುರು ಮಾಡಿದರೆ ಆ ಕಡೆಯವರೂ ತಮ್ಮ ಊರು, ಮನೆ, ಮದುವೆ ಎಲ್ಲ ಹೇಳಿಕೊಳ್ಳುತ್ತಾರೆ.

ಮೇ 9

ಒಂದೇ ಸೀರೆ ಇಬ್ಬರಿಗೆ ಹೋಗಿಬಿಟ್ಟಿತು. ನಾಳೆ ಬಸವ ಜಯಂತಿ, ಅಕ್ಷಯ ತದಿಗೆ ಎರಡೂ. ಕೇಳುವವರು ಜಾಸ್ತಿ. ತಮ್ಮ ಧಾರವಾಡದವರಿಗೆ ಹೂಂ ಅಂದ, ನಾನು ಮುಂಬೈಯವರಿಗೆ ಹೂಂ ಅಂದೆ. ನಮ್ಮಲ್ಲಿ ಒಂದು ಬಣ್ಣ, ಒಂದು ದಡಿಗೆ ಒಂದೇ ಸೀರೆ ಇರುತ್ತದೆ. ಗೋದಾಮಿನಲ್ಲಿ ನೂರು ಇಟ್ಟವರ ಹಾಗಲ್ಲ. ಮುಂಬೈಯವರಿಗೆ ಫೋನು ಮಾಡಿ ಹೇಳಿದೆ. ಹದಿನೈದು ದಿನ ಕಾಯಲು ಒಪ್ಪಿದ್ದಾರೆ.

ಈಗ ವಾಟ್ಸಾಪ್ ಬಿಸಿನೆಸ್‌ನಲ್ಲಿ ಗಿರಾಕಿಯ ಚಾಟ್‌ಗೆ ಬಣ್ಣದ ಲೇಬಲ್ ಹಚ್ಚುತ್ತೇವೆ. ಹಳದಿ ಅಂದರೆ ಒಬ್ಬರು ಹಿಡಿದಿದ್ದಾರೆ, ಒಂದು ದಿನದ ಮಟ್ಟಿಗೆ. ಹಸಿರು ಅಂದರೆ ದುಡ್ಡು ಬಂತು, ನೀಲಿ ಅಂದರೆ ಅಂಚೆಗೆ ಹಾಕಿದ್ದಾಯಿತು. ಹಳದಿ ಹಚ್ಚಿದ ಕೂಡಲೇ ಕ್ಯಾಟಲಾಗಿನಿಂದ ಆ ಸೀರೆಯನ್ನು ಮರೆಮಾಡುವುದು. ಗಳಕ್ಕೂ ಒಂದು ಹಳದಿ ದಾರ ಕಟ್ಟಿದ್ದೇನೆ. ಸೀರೆ ಯಾರಿಗಾದರೂ ಎತ್ತಿಟ್ಟಿದ್ದರೆ ಅದರ ಮೇಲೆ ಆ ದಾರ ಬರುತ್ತದೆ. ಅವ್ವ ಫೋನು ನೋಡುವುದಿಲ್ಲ, ದಾರ ನೋಡುತ್ತಾಳೆ.

ಮೇ 17

ಜಾಹೀರಾತಿನ ಲೆಕ್ಕ. ಹಿಂದೆ ತಮ್ಮ ಒಮ್ಮೆ ಬೂಸ್ಟ್ ಗುಂಡಿ ಒತ್ತಿ ಇಡೀ ಕರ್ನಾಟಕಕ್ಕೆ, ಎಲ್ಲ ವಯಸ್ಸಿನವರಿಗೆ ತೋರಿಸಿದ್ದ. ಲೈಕ್ ಬಂದವು, ಒಂದೂ ಸೀರೆ ಹೋಗಲಿಲ್ಲ. ಈ ಸಲ ಒತ್ತಿದರೆ ನೇರ ವಾಟ್ಸಾಪಿಗೆ ಬರುವ ಜಾಹೀರಾತು ಮಾಡಿದೆವು. ಕೊಂಡಿಯ ವಿಡಿಯೋ, 30 ದಾಟಿದ ಮಹಿಳೆಯರು, ಪುಣೆ, ಸೊಲ್ಲಾಪುರ, ಬೆಂಗಳೂರು, ಹುಬ್ಬಳ್ಳಿ-ಧಾರವಾಡ ಮಾತ್ರ. ದಿನಕ್ಕೆ 200 ರೂಪಾಯಿಯಂತೆ 5 ದಿನ. ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 1,180. ಮೆಸೇಜು ಬಂದದ್ದು 41. ಅದರಲ್ಲಿ ಹತ್ತು ಜನ "ಹಾಯ್" ಅಂತ ಬರೆದು ಕಾಣೆ. ಸೀರೆ ಹೋದದ್ದು 3.

ಒಂದು ಸೀರೆಗೆ ಸುಮಾರು 393 ರೂಪಾಯಿ ಜಾಹೀರಾತಿಗೇ ಬಿತ್ತು. ಅಪ್ಪ ಈ ಲೆಕ್ಕ ಕೇಳಿ ಬಹಳ ಹೊತ್ತು ಯೋಚಿಸಿದರು. ಅವರು ಒಂದು ದಿನ ನೇಯ್ದರೆ ಉಳಿಯುವುದೇ ಅಷ್ಟು. ಹಾಗಂತ ಜಾಹೀರಾತು ಪೂರ್ತಿ ಬಿಡಲಿಲ್ಲ, ಆದರೆ ಹಬ್ಬಕ್ಕೆ ಮೊದಲಿನ ವಾರಕ್ಕೆ ಮಾತ್ರ ಅಂತ ತೀರ್ಮಾನ. ಉಳಿದ ದಿನ ಹಳೆಯ ಗಿರಾಕಿಗಳ ಪಟ್ಟಿಗೆ ಹೊಸ ಸೀರೆಯ ಫೋಟೋ ಕಳಿಸುತ್ತೇವೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಬಹುದು, ಆದರೆ ನಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಅದಕ್ಕೇ ಪ್ರತಿ ಪಾರ್ಸಲ್ಲಿನಲ್ಲಿ ಒಂದು ಚೀಟಿ: ನಮ್ಮ ನಂಬರ್ ಸೇವ್ ಮಾಡಿಕೊಳ್ಳಿ, ಬೇಡವಾದರೆ ಬೇಡ ಅಂತ ಬರೆಯಿರಿ, ತೆಗೆಯುತ್ತೇವೆ. ತಿಂಗಳಿಗೆ ಎರಡೇ ಸಲ ಕಳಿಸುವುದು. ದಿನಾ ಕಳಿಸಿ ಜನರಿಗೆ ಬೇಸರ ತರುವುದು ನನಗೆ ಒಪ್ಪಿಗೆಯಿಲ್ಲ.

ಮೇ 21

ಇವತ್ತು ಸ್ವಲ್ಪದರಲ್ಲಿ ತಪ್ಪಿತು. ಒಬ್ಬರು 3,400 ಕಟ್ಟಿದ್ದೇನೆ ಅಂತ ಹಸಿರು ಟಿಕ್ಕಿನ ಸ್ಕ್ರೀನ್‌ಶಾಟ್ ಕಳಿಸಿದರು. ಇವತ್ತೇ ಕಳಿಸಿ, ನಾಳೆ ಲಗ್ನ ಅಂತ ಮೂರು ಸಲ ಫೋನು. ತಮ್ಮ ಪಾರ್ಸಲ್ ಹೊಲಿದು ಅಂಚೆ ಕಚೇರಿಗೆ ಹೊರಟಿದ್ದ. ಅಪ್ಪ ಬಾಗಿಲಲ್ಲಿ ನಿಲ್ಲಿಸಿ, "ನನ್ನ ಫೋನಿಗೆ ಬ್ಯಾಂಕಿಂದ ಏನೂ ಬಂದಿಲ್ಲಲ್ಲೋ" ಅಂದರು. ಖಾತೆ ತೆರೆದು ನೋಡಿದರೆ ದುಡ್ಡು ಬಂದಿಲ್ಲ. ಕೇಳಿದ ಕೂಡಲೇ ಆ ನಂಬರ್ ನಮ್ಮನ್ನು ಬ್ಲಾಕ್ ಮಾಡಿತು.

ನಿಯಮ ಗೋಡೆಗೆ ಅಂಟಿಸಿದ್ದೇನೆ, ದೊಡ್ಡ ಅಕ್ಷರದಲ್ಲಿ. ಸ್ಕ್ರೀನ್‌ಶಾಟ್ ಅಂದರೆ ಬರೀ ಚಿತ್ರ. ನಮ್ಮ ಖಾತೆಯಲ್ಲಿ ದುಡ್ಡು ಕಂಡ ಮೇಲೆಯೇ ಹಸಿರು ಲೇಬಲ್. ನಮಗೆ ದುಡ್ಡು ಬರಲು ಯುಪಿಐ ಪಿನ್ ಹಾಕುವ ಅಗತ್ಯ ಎಂದೂ ಇಲ್ಲ. ಯಾರಾದರೂ ಹಾಕಿ ಅಂದರೆ ಅದು ಮೋಸ.

ಮೇ 28

ನಾಳೆ ಹುಬ್ಬಳ್ಳಿಗೆ. ಇಡೀ ದಿನ ತಮ್ಮನ ಕೈಯಲ್ಲೇ ಮಾಡಿಸಿದೆ, ನಾನು ಸುಮ್ಮನೆ ಕೂತೆ. ಪಂಚೆ ಕಟ್ಟಿದ, ಟ್ಯೂಬ್ ಆರಿಸಿದ, ಲಡಿ ಇಟ್ಟ, ಲಾಕ್ ಮಾಡಿದ. ಪೊಟ್ಟಣ ಮರೆತ. ಅವ್ವ ಒಳಗಿನಿಂದ ತಂದು ಇಟ್ಟಳು.

ಆಗಸ್ಟ್ 4

ಪಂಚಮಿಗೆ ಊರಿಗೆ ಬಂದೆ. ಜೂನ್‌ನಿಂದ ಈಚೆಗೆ ಬಣ್ಣದ ಕಾರಣಕ್ಕೆ ಒಂದೂ ಸೀರೆ ವಾಪಸ್ ಬಂದಿಲ್ಲ. ದಡಿ ಅಗಲ ಆಯಿತು ಅಂತ ಒಂದು ಬಂದಿದೆ, ಅದು ನ್ಯಾಯವೇ. ನಾವು ದಡಿಯ ಅಳತೆ ಬರೆದಿರಲಿಲ್ಲ, ಈಗ ಫೋಟೋದಲ್ಲಿ ಟೇಪು ಇಡುತ್ತೇವೆ. ಪಂಚಮಿಗೆ ಅಂತ ಬಂದ ಕೆಲವು ಕೋರಿಕೆಗಳಿಗೆ ಇಲ್ಲ ಅನ್ನಬೇಕಾಯಿತು. ಎರಡು ಮಗ್ಗ ಎಷ್ಟು ನೇಯುತ್ತವೋ ಅಷ್ಟೇ ಸೀರೆ. ಅಪ್ಪ ಅವರನ್ನೆಲ್ಲ ಎದುರು ಮನೆಯ ನೇಕಾರ ಕಾಕಾನ ಕಡೆಗೆ ಕಳಿಸಿದ್ದಾರೆ. ಅವರ ಸೀರೆಗಳ ಫೋಟೋವನ್ನೂ ತಮ್ಮನೇ ನಮ್ಮ ಮೂಲೆಯಲ್ಲಿ ತೆಗೆದುಕೊಡುತ್ತಿದ್ದಾನೆ.

ರಾತ್ರಿ ಊಟಕ್ಕೆ ಕೂತಾಗ ಸೊಲ್ಲಾಪುರದಿಂದ ಒಂದು ಮೆಸೇಜು ಬಂತು. ಒಬ್ಬ ತಾಯಿ ತಮ್ಮ ಅತ್ತೆಯ ಇರಕಲ್ ಸೀರೆಯ ಫೋಟೋ ಕಳಿಸಿದ್ದಾರೆ. ಸೆರಗು ಹರಿದಿದೆ, ಒಡಲು ಸವೆದಿದೆ, ದಡಿ ಮಾತ್ರ ಗಟ್ಟಿಯಾಗಿದೆ. ಇಂಥದ್ದೇ ಒಂದು ನೇಯ್ದು ಕೊಡುತ್ತೀರಾ ಅಂತ ಕೇಳಿದ್ದಾರೆ. ಹಳೆಯ ಸೀರೆಯ ಮಡಿಕೆಯ ಪಕ್ಕ, ನಾವು ಕೇಳದೆಯೇ, ಅವರು ಒಂದು ಪಾರ್ಲೆ-ಜಿ ಪೊಟ್ಟಣ ಇಟ್ಟಿದ್ದಾರೆ.

ಅಪ್ಪ ಕೈ ತೊಳೆದು ಬಂದು ಫೋನು ತೆಗೆದುಕೊಂಡರು. ಎರಡು ಬೆರಳಿನಿಂದ ಕೂಡುಗೆರೆಯನ್ನು ದೊಡ್ಡದು ಮಾಡಿ, ಕಣ್ಣಿಗೆ ಹತ್ತಿರ ಹಿಡಿದು, ಕೊಂಡಿ ನೋಡಿದರು. ಆಮೇಲೆ ನಮ್ಮ ಪೊಟ್ಟಣ ತರಿಸಿ ಪರದೆಯ ಪಕ್ಕ ಹಿಡಿದರು. ಬೆಳಗ್ಗೆ ಏಳು ಗಂಟೆಗೇ ನೂಲಿನ ಅಂಗಡಿಗೆ ಹೊರಟಾಗ ಒಂದು ಜೇಬಿನಲ್ಲಿ ಫೋನು, ಇನ್ನೊಂದರಲ್ಲಿ ಆ ಪೊಟ್ಟಣ ಇತ್ತು.